ಎರಡು ಒಲೆಯ ಮನೆ

ಬೀಚನಹಳ್ಳಿ
೬ ಜನವರಿ ೨೦೨೬

ನನ್ನ ಮುದ್ದು ಅಮ್ಮನಿಗೆ,

ನಮಸ್ಕಾರ, ಕ್ಷೇಮಸಮಾಚಾರ ಎಲ್ಲ ಆಮೇಲೆ, ಮೊದಲು ಒಂದು ದೊಡ್ಡ ಅಪ್ಪುಗೆ!

ಮಗಳು ಪೆನ್ನು ಹಿಡಿದು ಕಾಗದ ಬರೆದಿದ್ದಾಳೆ ಎಂದು ಗಾಬರಿಯಾಗಬೇಡ. ಫೋನಿನಲ್ಲೇ ಹೇಳೋಣವೆಂದರೆ ನೀನು ಯಾವಾಗಲೂ ಸ್ಪೀಕರ್ ಹಾಕಿಕೊಂಡು ದೋಸೆ ಹುಯ್ಯುತ್ತಾ ಮಾತಾಡುತ್ತೀಯ, ಅಪ್ಪ ಪಕ್ಕದಲ್ಲಿ ಕೂತು ನಡುನಡುವೆ ಸಲಹೆ ಕೊಡುತ್ತಾರೆ. ಇಲ್ಲಿಯೂ ಅಷ್ಟೇ. ನಮ್ಮ ಮನೆಯ ಗೋಡೆಗಳು ಹೆಂಚಿನವರೆಗೆ ಮುಟ್ಟುವುದಿಲ್ಲ. ಈ ಕೋಣೆಯಲ್ಲಿ ಸೀನಿದರೆ ಆ ಕೋಣೆಯಿಂದ ನೂರು ವರ್ಷ ಅನ್ನುತ್ತಾರೆ. ಆದ್ದರಿಂದ ಕಾಗದ. ಅಪ್ಪನಿಗೆ ತೋರಿಸಬೇಡ. ತೋರಿಸಿದರೂ ಮೊದಲ ಪುಟ ಮಾತ್ರ ತೋರಿಸು, ಅದರಲ್ಲಿ ನಾನು ಒಳ್ಳೆಯವಳಾಗಿದ್ದೇನೆ.

ಮೊದಲು ಖುಷಿಯ ಸುದ್ದಿ. ಅಮ್ಮ, ನನಗೆ ನನ್ನದೇ ಅಡುಗೆಮನೆ ಇದೆ! ಮನೆಯ ಬಲಗಡೆ ದನದ ಹಿಂಡಿ, ಬೂಸಾ ಚೀಲ ಇಡುತ್ತಿದ್ದ ಸಣ್ಣ ಕೋಣೆ ನೆನಪಿದೆಯಾ? ಬೀಗರೂಟಕ್ಕೆ ಬಂದಾಗ ನೀನು ಮೂಗು ಮುಚ್ಚಿಕೊಂಡಿದ್ದೆಯಲ್ಲ, ಅದೇ. ಇವರು ರಜೆ ಹಾಕಿ ಸುಣ್ಣ ಹೊಡೆದರು. ಕಡಪ ಕಲ್ಲು ಹಾಕಿಸಿ ಗ್ಯಾಸ್ ಇಟ್ಟರು. ನಾನು ಎಚ್.ಡಿ. ಕೋಟೆಯ ಸಂತೆಯಿಂದ ಗುಲಾಬಿ ಬಣ್ಣದ ಪರದೆ ತಂದು ಕಿಟಕಿಗೆ ಕಟ್ಟಿದೆ. ಬೆಳಿಗ್ಗೆ ಬಿಸಿಲು ಪರದೆಯೊಳಗಿಂದ ಬಂದರೆ ಹಾಲಿನ ಪಾತ್ರೆಯೂ ಗುಲಾಬಿ. ಇವರು ಬಾಗಿಲಲ್ಲಿ ನಿಂತು, ಮೇಡಂ, ಟೇಬಲ್ ಖಾಲಿ ಇದೆಯಾ ಎಂದು ರೆಸಾರ್ಟಿನ ಅತಿಥಿಗಳ ಹಾಗೆ ಕೇಳುತ್ತಾರೆ. ನಾನು, ಬುಕಿಂಗ್ ಇಲ್ಲದವರಿಗೆ ನೆಲವೇ ಗತಿ ಎನ್ನುತ್ತೇನೆ. ನಗಬೇಡ. ನೀನೂ ಅಪ್ಪನೂ ಹೊಸದರಲ್ಲಿ ಹೇಗಿದ್ದಿರಿ ಅಂತ ಅಜ್ಜಿ ನನಗೆ ಎಲ್ಲಾ ಹೇಳಿದ್ದಾರೆ.

ಈಗ ನಿನ್ನ ಪ್ರಶ್ನೆ. ಹೋದ ವಾರ ಫೋನಿನಲ್ಲಿ ಏನೋ ಕೇಳಲು ಹೊರಟು ನುಂಗಿಕೊಂಡೆಯಲ್ಲ, ನನಗೆ ಗೊತ್ತಾಯಿತು. ಕೋಟೆಯಲ್ಲಿರುವ ನಿನ್ನ ತಂಗಿ ರಾಣಿ ಚಿಕ್ಕಮ್ಮ ಸುದ್ದಿ ಮುಟ್ಟಿಸಿದ್ದಾರೆ. ಮದುವೆಯಾಗಿ ವರ್ಷ ತುಂಬಲಿಲ್ಲ, ರಮ್ಯಾ ಒಲೆ ಬೇರೆ ಮಾಡಿದಳಂತೆ, ಮಂಡಿ ನೋವಿನ ಅತ್ತೆಯನ್ನು ಹಿತ್ತಿಲ ಸೌದೆ ಒಲೆಗೆ ಅಟ್ಟಿ ತಾನು ಗ್ಯಾಸ್ ಇಟ್ಟುಕೊಂಡಳಂತೆ. ಇಷ್ಟು ತಾನೆ?

ಅದು ಸುಳ್ಳು ಅಮ್ಮ. ಸುಳ್ಳು ಅಂದರೆ, ನಾವೇ ಮಾಡಿದ ಸುಳ್ಳು. ಮೊದಲಿಂದ ಹೇಳುತ್ತೇನೆ.

ಇವರು ರೆಸಾರ್ಟಿನಲ್ಲಿ ಅತಿಥಿಗಳಿಗೆ ಕಾಡು ತೋರಿಸುವ ಗೈಡ್ ತಾನೆ. ಅಲ್ಲಿ ಇವರಿಗೆ ಕೊಡುವುದನ್ನು ಸಂಬಳ ಅನ್ನುವುದಿಲ್ಲ, ಫೀಸು ಅನ್ನುತ್ತಾರೆ. ಹಾಗಾಗಿ ಹತ್ತರಲ್ಲಿ ಒಂದು ಪಾಲು ತೆರಿಗೆ ಅಂತ ಹಿಡಿದುಕೊಂಡೇ ಕೊಡುತ್ತಾರೆ. ಶ್ರಾವಣದಲ್ಲಿ ಒಂದು ದಿನ ಇವರ ಬ್ಯಾಂಕ್ ಮೆಸೇಜು ನೋಡುತ್ತಾ ನಾನು ಹಾರಿ ಕೂತೆ. ರೀ, ಇದನ್ನು ವಾಪಸ್ ಕೇಳಬಹುದು! ನನ್ನ ಬಿ.ಕಾಂ. ಮೊದಲ ಸಲ ಕೆಲಸಕ್ಕೆ ಬಂತು. ಜಗಲಿಯಲ್ಲಿ ಕೂತು, ಅತ್ತೆ ಬೆಳ್ಳುಳ್ಳಿ ಸುಲಿಯುತ್ತಿದ್ದ ಹಾಗೆ, ಫೋನಿನಲ್ಲೇ ರಿಟರ್ನ್ಸ್ ತುಂಬಿ ಕಳಿಸಿದೆ. ಕಟ್ಟಬೇಕಾದ ತೆರಿಗೆ ಸೊನ್ನೆ. ಹಿಡಿದ ದುಡ್ಡು ಅಷ್ಟೂ ತಿಂಗಳೊಳಗೆ ವಾಪಸ್ ಬಂತು. ಅವತ್ತು ನಾಟಿ ಕೋಳಿ! ಅತ್ತೆ ಕೇರಿಯಲ್ಲೆಲ್ಲ ಹೇಳಿಕೊಂಡು ಬಂದರು: ನಮ್ ಸೊಸೆ ಗೌರ್ಮೆಂಟಿಂದ್ಲೇ ದುಡ್ಡು ವಾಪಸ್ ತರುಸ್ಬುಟ್ಲು ಕಣ್ರವ್ವ, ಪೋನ್ ಕುಟ್ಕಂಡು! ಪಕ್ಕದ ಮನೆ ಮಹದೇವಮ್ಮನವರು ತಮ್ಮ ಮಗನ ಫೋನು ತಂದು, ನಂಗೂವೆ ಒಸಿ ಕುಟ್ಟವ್ವ ಎಂದರು. ಅವರ ಮಗ ಕೂಲಿಗೆ ಹೋಗುವವನು, ಅವನಿಂದ ಯಾರೂ ಏನೂ ಹಿಡಿದಿಲ್ಲ ಎಂದು ತಿಳಿಸಿ ಹೇಳುವುದಕ್ಕೆ ಸಾಕುಸಾಕಾಯಿತು.

ದಸರಾ ಮುಗಿದ ಮೇಲೆ ಮಾವ ರೇಷನ್ನಿಗೆ ಹೋದವರು ಬರೀ ಚೀಲ ಹಿಡಿದು ಬಂದರು. ನಮ್ಮ ಕಾರ್ಡು ಬಡವರ ಪಟ್ಟಿಯಿಂದ ಹೋಗಿತ್ತು. ಮನೆಯಲ್ಲಿ ತೆರಿಗೆದಾರರು ಇದ್ದಾರಂತೆ. ಅಂಗಡಿಯವನು ಮಾವನಿಗೆ ಕೈಮುಗಿದು, ಸಾವ್ಕಾರ್ರು ಬರ್ಬೇಕು, ಚೀಲ ಯಾಕೆ, ಕಾರಲ್ಲಿ ಬರ್ಬಾರ್ದಾ ಎಂದನಂತೆ. ಮಾವ ಅದನ್ನು ತಮಾಷೆಯಾಗಿಯೇ ಹೇಳಿದರು. ಆದರೆ ಚೀಲವನ್ನು ಮಡಚಿ ಮಡಚಿ ಅಂಗೈಯಷ್ಟು ಮಾಡಿ ಕಂಕುಳಲ್ಲಿ ಇಟ್ಟುಕೊಂಡಿದ್ದರು.

ನಿಯಮ ಓದಿ ನೋಡಿದೆ ಅಮ್ಮ. ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ದಾಟಿದರೆ ನಾವು ಬಡವರಲ್ಲ. ಆ ಲೆಕ್ಕದಲ್ಲಿ ನಾವು ಎಂದೋ ದಾಟಿದ್ದೆವು. ಯಾರ ಕಣ್ಣಿಗೂ ಬಿದ್ದಿರಲಿಲ್ಲ, ನಾನು ರಿಟರ್ನ್ಸ್ ತುಂಬಿ ಕೈ ಎತ್ತಿ ಹೇಳಿದ ಹಾಗಾಯಿತು. ಆದರೆ ಇಲ್ಲಿ ಬಂದು ಒಂದು ತಿಂಗಳು ಸಂಸಾರ ಮಾಡಿ ನೋಡಲಿ ಆ ನಿಯಮ ಬರೆದವರು. ನಮ್ಮೂರ ಡ್ಯಾಮಿನ ಮೀನು ನಮಗಿಂತ ಮೊದಲು ರೆಸಾರ್ಟಿಗೆ. ನಾಟಿ ಮೊಟ್ಟೆ, ಎಳೆ ಸೊಪ್ಪು, ಒಳ್ಳೆ ಹಾಲು ಎಲ್ಲವೂ ಅಲ್ಲಿಗೆ. ಉಳಿದದ್ದನ್ನು ನಾವು ಅಲ್ಲಿಯ ರೇಟಿಗೇ ಕೊಳ್ಳಬೇಕು. ಅಲ್ಲಿ ಒಂದು ರಾತ್ರಿ ಮಲಗಿದವರು ಬಾಡಿಗೆಯ ಮೇಲೆ ಕಟ್ಟುವ ತೆರಿಗೆಯಲ್ಲೇ ನಮ್ಮ ಮನೆಯ ತಿಂಗಳ ದಿನಸಿ ಬರುತ್ತದೆ. ಮಳೆಗಾಲದಲ್ಲಿ ಅತಿಥಿಗಳು ಕಡಿಮೆ, ಇವರ ಫೀಸೂ ಕಡಿಮೆ. ಮಾವನ ಒಂದೂವರೆ ಎಕರೆಯ ಹತ್ತಿ, ರಾಗಿ ಬಿತ್ತನೆ ಗೊಬ್ಬರಕ್ಕೆ ಸರಿಹೋಗುತ್ತದೆ. ಕೆ.ಆರ್. ನಗರದಲ್ಲಿ ನಿಮ್ಮ ಜೊತೆ ಇದ್ದಾಗ ನಾನು ಬೆಲೆ ಕೇಳದೆ ಸೇಬು ತಿಂದವಳು. ಈಗ ಟೊಮ್ಯಾಟೊ ತೂಗುವ ಕೈಯನ್ನೇ ನೋಡುತ್ತಿರುತ್ತೇನೆ.

ಅಕ್ಕಿ ಹೋದರೆ ಹೋಗಲಿ, ಹೇಗೋ ಆಗುತ್ತಿತ್ತು. ಅತ್ತೆಯ ಮಂಡಿ ಹಾಗಲ್ಲ. ಎರಡೂ ಚಿಪ್ಪು ಸವೆದು ಹೋಗಿವೆ. ಡಾಕ್ಟರು ಬದಲಿಸಲೇಬೇಕು ಅಂದಿದ್ದರು. ಬಡವರ ಕಾರ್ಡಿದ್ದರೆ ಆಪರೇಷನ್ನು ಉಚಿತ. ಇಲ್ಲದಿದ್ದರೆ ಮುಕ್ಕಾಲು ಪಾಲು ಕೈಯಿಂದ. ಅದನ್ನು ಕೇಳಿದ ಸಂಜೆ ಅತ್ತೆ ನನಗೆ ಒಂದು ಮಾತೂ ಅನ್ನಲಿಲ್ಲ. ಬದಲಿಗೆ, ಬುಡವ್ವ, ನೀನೇನ್ ಬೇಕೂಂತ ಮಾಡಿದ್ಯಾ, ಇಷ್ಟ್ ವರ್ಸ ತೆವ್ಳಿಲ್ವಾ, ಇನ್ನೊಸಿ ದಿನ ತೆವುಳ್ತೀನಿ ಎಂದರು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಉಪಾಯ ಹೇಳಿದ್ದು ಇವರು. ಈ ಕಡೆ ಬಹಳ ಮನೆಗಳಲ್ಲಿ ಮಾಡುತ್ತಾರಂತೆ. ಕಾಗದದಲ್ಲಿ ಮನೆ ಭಾಗ ಮಾಡುವುದು. ಮಗ ಸೊಸೆ ಬೇರೆ, ಅಪ್ಪ ಅವ್ವ ಬೇರೆ. ಆಗ ಅಪ್ಪ ಅವ್ವನಿಗೆ ಮಾತ್ರ ಹೊಸ ಕಾರ್ಡು ಆಗುತ್ತದೆ. ಆದರೆ ತಪಾಸಣೆಗೆ ಬಂದವರು ಕಾಗದ ನೋಡುವುದಿಲ್ಲ, ಒಲೆ ನೋಡುತ್ತಾರೆ. ಎರಡು ಒಲೆ ಇದ್ದರೆ ಎರಡು ಸಂಸಾರ. ಅತ್ತೆಗೆ ಒಪ್ಪಲು ಕಷ್ಟವಾಯಿತು. ಈ ಮನೆಯಲ್ಲಿ ಅವರ ಅತ್ತೆಯ ಕಾಲದಿಂದಲೂ ಒಲೆ ಎರಡಾಗಿಲ್ಲ. ಮೈದುನರು ಜಮೀನು ಹಂಚಿಕೊಂಡಾಗಲೂ ಅನ್ನ ಒಂದೇ ಕಡೆ ಬೇಯುತ್ತಿತ್ತಂತೆ. ಕೊನೆಗೆ, ಸುಳ್ಳಿಗ್ ತಾನೇ, ಆಗ್ಲಿ ಎಂದರು.

ಗ್ಯಾಸು ಇವರ ಹೆಸರಿನಲ್ಲಿತ್ತು, ಅದು ಹಳೆಯ ಅಡುಗೆಮನೆಯಿಂದ ನಮ್ಮ ಪಾಲಿಗೆ ಬಂತು. ಅತ್ತೆಯ ಪಾಲಿಗೆ ಹಿತ್ತಿಲಿನಲ್ಲಿ ಸ್ನಾನದ ನೀರು ಕಾಯಿಸುವ ಸೌದೆ ಒಲೆ. ಆದರೆ ಅಡುಗೆ ಒಂದೇ ಅಮ್ಮ! ನಾನು ನಾಲ್ಕು ಜನಕ್ಕೂ ಇಲ್ಲಿ ಮಾಡುತ್ತಿದ್ದೆ, ಅತ್ತೆ ಅಲ್ಲಿ ಬರೀ ನೀರಿಟ್ಟು ಹೊಗೆ ಎಬ್ಬಿಸುತ್ತಿದ್ದರು. ಮುಸ್ಸಂಜೆ ಹೊತ್ತಿಗೆ ನಾನು ಸೆರಗಿನಡಿ ಸಾರಿನ ಪಾತ್ರೆ ಮುಚ್ಚಿಕೊಂಡು ಹಿತ್ತಿಲ ಬಾಗಿಲಿಂದ ದಾಟಿಸುತ್ತಿದ್ದೆ. ಅತ್ತೆ ಮುಚ್ಚಳ ತೆಗೆದು, ಇದುಕ್ಕೆ ಉಪ್ ಹಾಕಿದ್ಯೋ, ಇಲ್ಲಾ ಬರೀ ಇಂಗ್ಲೀಸೋ ಎಂದು ರೇಗಿಸುತ್ತಿದ್ದರು. ಮಾವನದ್ದೇ ಮಜಾ. ಅವರು ಎರಡು ದೇಶದ ಪಾಸ್‌ಪೋರ್ಟ್ ಇರುವವರ ಹಾಗೆ ಎರಡೂ ಕಡೆ ಕಾಫಿ ಕುಡಿಯುತ್ತಿದ್ದರು.

ಊರು ಮಾತ್ರ ನಿಜವೆಂದೇ ನಂಬಿತು. ಮಹದೇವಮ್ಮನವರು ಅತ್ತೆಯ ಪಕ್ಕ ಕೂತು, ಓದಿರೋಳು ಬತ್ತಾವಳೆ ಅಂದಾಗ್ಲೇ ನಾನೇಳಿರ್ನಿಲ್ವಾ ಎಂದು ಕಣ್ಣೊರೆಸಿಕೊಂಡರು. ನಿಜ ಹೇಳುವ ಹಾಗಿಲ್ಲ. ಒಬ್ಬರಿಗೆ ಹೇಳಿದರೆ ಅದು ತಪಾಸಣೆಯವರ ಕಿವಿಗೂ ಹೋಗುತ್ತದೆ. ಅದಕ್ಕೆ ಅತ್ತೆ ತಾವೂ ಅತ್ತರು. ಎಷ್ಟು ಚೆನ್ನಾಗಿ ಅತ್ತರು ಅಂತೀಯ! ಆಮೇಲೆ ನಾವಿಬ್ಬರೂ ಜಗಳ ಶುರು ಮಾಡಿದೆವು. ವಾರಕ್ಕೆ ಎರಡು ಸಲ, ಜಗಲಿಯ ಮೇಲೆ, ನೀರು ತರುವವರು ಓಡಾಡುವ ಹೊತ್ತಿಗೆ. ಒಂದು ದಿನ ಪೊರಕೆಗೆ, ಒಂದು ದಿನ ಸೌದೆಗೆ. ಅತ್ತೆ ಕೈ ಬೀಸಿ ಬೀಸಿ ಬೈಯುತ್ತಿದ್ದರು: ಏನ್ ಗ್ಯಾಸಮ್ಮಾ, ನಮ್ ಒಗೆ ನಿನ್ ಪರ್ದೆಗ್ ಮೆತ್ಕತದಾ? ನಾನು ಇಂಗ್ಲಿಷಿನಲ್ಲಿ ಏನೋ ಒದರುತ್ತಿದ್ದೆ. ಒಂದು ಸಲ ಏಳನೇ ಕ್ಲಾಸಿನ ಪದ್ಯ ಒಪ್ಪಿಸಿಬಿಟ್ಟೆ! ನಗು ತಡೆಯಲಾಗದೆ ಸೆರಗನ್ನು ಮುಖಕ್ಕೆ ಮುಚ್ಚಿಕೊಳ್ಳುತ್ತಿದ್ದೆ, ನೋಡಿದವರು ಅಳುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು. ಆಮೇಲೆ ಒಳಗೆ ಬಂದು ಅತ್ತೆ ನಾನು ಒಬ್ಬರ ಭುಜ ಒಬ್ಬರು ಹಿಡಿದು ನಗುತ್ತಿದ್ದೆವು. ಆ ದಿನಗಳಲ್ಲಿ ನನಗೆ ನಿನ್ನ ನೆನಪು ಕೂಡ ಬರುತ್ತಿರಲಿಲ್ಲ ಅಮ್ಮ. ಬೇಜಾರು ಮಾಡಿಕೊಳ್ಳಬೇಡ, ಇದು ಅತ್ತೆಗೆ ಸಿಗಬೇಕಾದ ಹೊಗಳಿಕೆ.

ಇಲ್ಲಿಂದ ಮುಂದೆ ಬರೆಯುವುದಕ್ಕೆ ಕಷ್ಟವಾಗುತ್ತಿದೆ.

ಕಾರ್ತಿಕದ ಕೊನೆಯಲ್ಲಿ ಒಂದು ಸಂಜೆ, ಎಂದಿನಂತೆ ಜಗಳ. ಅವತ್ತು ಸೌದೆ ಹಸಿಯಾಗಿತ್ತು. ಅತ್ತೆ ಬೆಳಿಗ್ಗೆಯಿಂದ ಹೊಗೆಯಲ್ಲಿದ್ದರು, ಮಂಡಿ ಬಾತುಕೊಂಡಿತ್ತು. ಜಗಲಿಯ ಕೆಳಗೆ ಮಹದೇವಮ್ಮನವರೂ ಇನ್ನಿಬ್ಬರೂ ಬಿಂದಿಗೆ ಇಟ್ಟುಕೊಂಡು ನಿಂತಿದ್ದರು. ಅತ್ತೆ ಶುರು ಮಾಡಿದರು, ಗ್ಯಾಸಮ್ಮ, ಪರ್ದೆ, ಎಲ್ಲ ಹಳೆಯದೇ. ನಾನು ಸೆರಗು ಹುಡುಕುತ್ತಿದ್ದೆ. ಆಗ ಅವರು ಇದ್ದಕ್ಕಿದ್ದಂತೆ ದನಿ ತಗ್ಗಿಸಿ ಅಂದರು: ಪೋನ್ ಕುಟ್ಕಂಡು ಕೂತ್ಕಂಡು ನಮ್ಮನ್ನ ಸಾವ್ಕಾರ್ರ ಮಾಡ್ಬುಟ್ಟೆ. ನನ್ ಮಂಡಿ ನಿನ್ ಕೈಲಿ ಓಯ್ತು ಕಣವ್ವ.

ಅದು ನಮ್ಮ ನಾಟಕದಲ್ಲಿ ಇರಲಿಲ್ಲ. ನಾನೂ ಒಂದು ಮಾತು ಅಂದೆ. ಏನು ಅಂದೆ ಅಂತ ಕೇಳಬೇಡ. ಬಿಂದಿಗೆಯವರು ಬಿಂದಿಗೆ ಎತ್ತಿಕೊಂಡು ಹೊರಟರು, ಒಬ್ಬರ ಮುಖ ಒಬ್ಬರು ನೋಡದೆ. ಅತ್ತೆ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಅವತ್ತು ಒಳಗೆ ನಗು ಇರಲಿಲ್ಲ.

ಆ ಸಂಜೆ ನಾನು ಕೊಟ್ಟ ಸಾರಿನ ಪಾತ್ರೆ ಬೆಳಿಗ್ಗೆ ಮುಚ್ಚಳವನ್ನೂ ತೆಗೆಯದ ಹಾಗೆ ನನ್ನ ಹೊಸಿಲ ಮೇಲಿತ್ತು. ಮಾರನೇ ದಿನವೂ. ಅತ್ತೆ ಹಿತ್ತಿಲಿನಲ್ಲಿ ನಿಜವಾಗಿಯೇ ಅನ್ನ ಬೇಯಿಸಿಕೊಳ್ಳಲು ಶುರು ಮಾಡಿದ್ದರು. ನನ್ನ ಗುಲಾಬಿ ಪರದೆಯ ಸಂದಿನಲ್ಲಿ ಕಾಣುತ್ತದೆ ಅಮ್ಮ. ಒಂದು ಕೈ ಗೋಡೆಗೆ, ಒಂದು ಕೈ ತೊಡೆಗೆ ಊರಿ ಅವರು ಒಲೆಯ ಮುಂದೆ ಕೂರುವುದು. ಕೂತ ಮೇಲೆ ಸ್ವಲ್ಪ ಹೊತ್ತು ಏನೂ ಮಾಡದೆ ಸುಮ್ಮನೆ ಉಸಿರು ಬಿಡುವುದು. ಇವರು ಹೋಗಿ, ಅವ್ವಾ ಇದೇನ್ ಹಟ ಎಂದು ಕೇಳಿದರೆ, ಹಟ ಏನ್ಲಾ, ತಪಾಸ್ಣೆಯೋರ್ ಯಾವತ್ ಬತ್ತಾರೋ, ಅಭ್ಯಾಸ ಇರ್ಲಿ ಅಂತ ಎಂದರಂತೆ. ನನ್ನ ಹತ್ತಿರ ಮಾತಾಡುವುದಿಲ್ಲ ಅಂತಲ್ಲ. ಹಾಲು ಬಂತಾ, ಕರೆಂಟ್ ಹೋಯ್ತಾ ಎಂದು ಮಾತಾಡುತ್ತಾರೆ. ಆದರೆ ಈಗ ನನ್ನನ್ನು ಬೈಯುವುದಿಲ್ಲ. ಮಾವ ಎರಡೂ ಕಡೆ ಕಾಫಿ ಕುಡಿಯುವುದನ್ನು ಬಿಟ್ಟಿದ್ದಾರೆ. ಹೋಟೆಲಿಗೆ ಹೋಗುತ್ತಾರೆ.

ತಪಾಸಣೆಯವರು ಡಿಸೆಂಬರಿನಲ್ಲಿ ಬಂದರು. ಎರಡು ತಿಂಗಳು ಸುಳ್ಳಿಗೆ ತಾಲೀಮು ಮಾಡಿದ್ದೆವು. ಅವರು ಬಂದ ದಿನ ಹೇಳುವುದಕ್ಕೆ ಸುಳ್ಳೇ ಉಳಿದಿರಲಿಲ್ಲ. ಅವರು ಹಿತ್ತಿಲಿಗೆ ಹೋಗಿ ಬಗ್ಗಿ ಬೂದಿಯ ಮೇಲೆ ಕೈ ಹಿಡಿದು ನೋಡಿದರು. ಎಲ್ಲರೂ ಎರಡು ಒಲೆ ತೋರಿಸ್ತಾರಮ್ಮ, ಒಂದು ತಣ್ಣಗಿರುತ್ತೆ, ನಿಮ್ಮದು ಎರಡೂ ಬಿಸಿ ಎಂದು ಬರೆದುಕೊಂಡರು. ಹೊರಡುವಾಗ ನನ್ನ ಕಡೆ ತಿರುಗಿ, ನೀವು ಓದಿದವರ ಹಾಗೆ ಕಾಣ್ತೀರ, ಕೂತು ಏಳಕ್ಕಾಗದೇ ಇರೋರಿಗೆ ಒಂದು ಹೊತ್ತು ಅನ್ನ ಹಾಕಬಾರದಾ ಎಂದು ಕೇಳಿದರು. ಹಾಕುತ್ತೇನೆ ಅಂದರೆ ಕಾರ್ಡು ಹೋಗುತ್ತದೆ. ಹಾಕುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಒಲೆಯ ಮುಂದಿನಿಂದ ಅತ್ತೆಯ ದನಿ ಬಂತು: ಅದು ನಮ್ಮನೆ ಇಚಾರ ಸ್ವಾಮಿ, ನೀವ್ ಬರ್ಕಂಡ್ರಲ್ಲ, ಒಂಟೋಗಿ. ಅವರು ನನ್ನನ್ನು ಕಾಪಾಡಿದರೋ, ನನ್ನ ವಿಷಯವೇ ಬೇಡ ಎಂದರೋ, ನನಗೆ ಇವತ್ತಿಗೂ ತಿಳಿದಿಲ್ಲ.

ಹೊಸ ಕಾರ್ಡು ಬಂತು. ಅತ್ತೆ, ಮಾವ ಇಬ್ಬರದೇ ಹೆಸರು. ಆಸ್ಪತ್ರೆಯಲ್ಲಿ ಒಪ್ಪಿಕೊಂಡು, ಸಂಕ್ರಾಂತಿ ಕಳೆದ ಮೇಲಿನ ವಾರ ಮೈಸೂರಿಗೆ ಬಂದು ಸೇರಿಕೊಳ್ಳಿ ಅಂದಿದ್ದಾರೆ. ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಈ ಖುಷಿಗೆ ನಾನು ಪಾಯಸ ಮಾಡಿದೆ. ಅತ್ತೆ ಒಂದು ಚಮಚ ತಿಂದು ಚೆನ್ನಾಗಿದೆ ಎಂದರು, ಅತಿಥಿಗಳು ಹೇಳುವ ಹಾಗೆ. ಆಮೇಲೆ ನಾನು ಧೈರ್ಯ ಮಾಡಿ, ಆಪರೇಷನ್ ಆಗಿ ಬಂದ ಮೇಲೆ ಒಲೆ ಮತ್ತೆ ಒಂದು ಮಾಡೋಣ ಅತ್ತೆ ಎಂದೆ. ಅವರು ಲೋಟ ತೊಳೆಯುತ್ತಾ ಅಂದರು: ಇರ್ಲಿ ಬುಡು. ಎಲ್ರುಗೂವೆ ಅಭ್ಯಾಸ ಆಗದೆ.

ಅದಕ್ಕೇ ಈ ಕಾಗದ. ಅಮ್ಮ, ನೀನು ಬರಬೇಕು. ಸಂಕ್ರಾಂತಿಗಲ್ಲ, ಅತ್ತೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ಎಳ್ಳು ಬೆಲ್ಲ ಆಗಲೇ ತಾ, ಹಬ್ಬ ಕಳೆದರೇನು. ಸಂಜೆ ನೀರು ತರುವ ಹೊತ್ತಿಗೆ ಬಸ್ಸಿಳಿ. ಬಂದವಳೇ ಜಗಲಿಯ ಮೇಲೆ ನಿಂತು ನನ್ನನ್ನು ಬೈಯಬೇಕು. ಅತ್ತೆ ಎರಡೂ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿರುವಾಗ ನಿನಗೆ ಬೇರೆ ಒಲೆ ಕೇಡಾ, ಇದನ್ನೇ ನಾನು ನಿನಗೆ ಕಲಿಸಿದ್ದು ಎಂದು, ಮಹದೇವಮ್ಮನವರ ಮನೆಗೆ ಕೇಳುವ ಹಾಗೆ. ಮಗಳನ್ನು ಹೆತ್ತವಳೇ ಬಂದು ಬೈದು ಒಲೆ ಒಂದು ಮಾಡಿಸಿದಳು ಎಂದರೆ ಊರಿಗೂ ಒಂದು ಕಾರಣ ಸಿಗುತ್ತದೆ. ಅಷ್ಟರಲ್ಲಿ ಆಪರೇಷನ್ ಮುಗಿದಿರುತ್ತದೆ, ಕಾರ್ಡು ಹೋದರೂ ಹೋಗಲಿ. ಅತ್ತೆ ಸೋತ ಹಾಗೂ ಆಗುವುದಿಲ್ಲ. ತಾವಾಗಿ ಅವರು ಎಂದೂ ಕರೆಯುವುದಿಲ್ಲ ಅಮ್ಮ. ನಾನಾಗಿ ಹೋದರೆ ಚೆನ್ನಾಗಿದೆ ಎಂದು ಹೇಳಿ ಲೋಟ ತೊಳೆಯುತ್ತಾರೆ.

ಇವರಿಗೆ ಹೇಳಿದೆ. ಇವರು ನಕ್ಕು, ಇದು ನಿಮ್ಮ ನಾಟಕದ ಕೊನೆಯ ಅಂಕ ಎಂದರು. ಪಾಪ, ಇವರಿಗೆ ಇನ್ನೂ ಎಲ್ಲಾ ನಾಟಕ ಅಂತಲೇ ಇದೆ. ಹುಲಿಯ ಹೆಜ್ಜೆ ನೋಡಿ ಯಾವ ಕಡೆ ಹೋಗಿದೆ ಎಂದು ಹೇಳುವವರಿಗೆ ಹೊಸಿಲ ಮೇಲಿಟ್ಟ ಪಾತ್ರೆ ಕಾಣಿಸುವುದಿಲ್ಲ.

ಅಪ್ಪನಿಗೆ ನಮಸ್ಕಾರ. ರಾಣಿ ಚಿಕ್ಕಮ್ಮನಿಗೆ ಏನೂ ಹೇಳಬೇಡ, ಆಪರೇಷನ್ ಆಗುವವರೆಗೆ ಅವರು ನಂಬಿರುವುದೇ ಕಾರ್ಡಿಗೆ ಒಳ್ಳೆಯದು. ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು.

ನಿನ್ನ ಬಾಯಿಂದ ಬೈಸಿಕೊಳ್ಳಲು ಕಾದಿರುವ,
ರಮ್ಯಾ

ಸಹಿ ಹಾಕಿದ ಮೇಲೆ: ಕವರು ಅಂಟಿಸಲು ಹೋದವಳು ಮತ್ತೆ ಬಿಚ್ಚಿದೆ. ಅವತ್ತು ಜಗಲಿಯ ಮೇಲೆ ನಾನು ಅಂದದ್ದನ್ನು ನಿನಗೆ ಹೇಳದೆ ಕರೆಸಿಕೊಂಡರೆ ಅದೂ ಮೋಸವೇ. ನಾನು ಅಂದದ್ದು ಇಷ್ಟೇ: ನಿಮ್ಮ ಒಲೆ ನನಗೆ ಬೇಡ ಅತ್ತೆ, ಇಲ್ಲಿ ನಾನೊಬ್ಬಳೇ ಹಾಯಾಗಿದ್ದೀನಿ. ಅಷ್ಟು ದಿನದ ಜಗಳದಲ್ಲಿ ನಾನು ಮುಖಕ್ಕೆ ಸೆರಗು ಹಿಡಿಯದೆ ಆಡಿದ ಮಾತು ಅದೊಂದೇ. ಅತ್ತೆ ಅದನ್ನು ನೋಡಿದರು. ಪರದೆ ಕಟ್ಟಿದ ದಿನದಿಂದಲೂ ನನ್ನ ಮನಸ್ಸಿನಲ್ಲಿ ಹಾಗೆಯೇ ಇತ್ತು ಅಮ್ಮ. ಈಗಲೂ ಬೆಳಿಗ್ಗೆ ಹಾಲಿನ ಪಾತ್ರೆ ಗುಲಾಬಿಯಾದಾಗ ಸ್ವಲ್ಪ ಇರುತ್ತದೆ. ಆದ್ದರಿಂದ ನೀನು ಬಂದಾಗ ನಾಟಕಕ್ಕೆ ಬೈಯಬೇಡ, ನಿಜವಾಗಿ ಬೈ.